ಮನೆಯ ಬಿ.ಪಿ. ಯಂತ್ರ: ಹತ್ತು ತಿಂಗಳು ಬಳಸಿದ ಮೇಲೆ

ಕಳೆದ ಜೂನ್ ತಿಂಗಳಲ್ಲಿ ಮೈಸೂರಿನ ಕುವೆಂಪುನಗರದ ನಮ್ಮ ಮನೆಗೆ ತೋಳಿಗೆ ಕಟ್ಟಿ ನೋಡುವ ಡಿಜಿಟಲ್ ಬಿ.ಪಿ. ಯಂತ್ರವೊಂದನ್ನು 2,150 ರೂಪಾಯಿ ಕೊಟ್ಟು ತಂದೆ. ಅಮ್ಮನಿಗೆ ಈಗ 73 ವರ್ಷ. ಎಂಟು ವರ್ಷದಿಂದ ರಕ್ತದೊತ್ತಡಕ್ಕೆಂದು ದಿನವೂ ಒಂದು ಮಾತ್ರೆ ನುಂಗುತ್ತಿದ್ದಾರೆ. ಮೂರು ತಿಂಗಳಿಗೊಮ್ಮೆ ಆಟೋದಲ್ಲಿ ಕುಲುಕಾಡಿಕೊಂಡು ಹೋಗಿ, ಕಾಯುವ ಕೋಣೆಯಲ್ಲಿ ಒಂದು ಗಂಟೆ ಕುಳಿತು ಬೇಸತ್ತ ಮೇಲೆ ಸಿಗುವ ಒಂದೇ ಒಂದು ಅಂಕಿಯನ್ನು ನಂಬಿ ಮಾತ್ರೆ ಏರಿಸುವುದು, ಇಳಿಸುವುದು ತಮಗೂ ಒಪ್ಪಿಗೆಯಿಲ್ಲವೆಂದು ನಮ್ಮ ವೈದ್ಯರೇ ಹೇಳಿ, ಮನೆಯಲ್ಲಿ ಅಳೆದು ಬರೆದು ತನ್ನಿ ಎಂದಿದ್ದರು. ಈ ಹತ್ತು ತಿಂಗಳಲ್ಲಿ ಯಂತ್ರ ನಮಗೆ ಒಮ್ಮೆ ಸುಳ್ಳು ಹೇಳಿತು, ನಾವು ಅದನ್ನು ನಂಬಿದೆವು. ಇನ್ನೊಮ್ಮೆ ಅದು ನಿಜ ಹೇಳಿತು, ನಾವು ಕೆಟ್ಟಿದೆಯೆಂದು ಅಂಗಡಿಗೆ ಹೊತ್ತುಕೊಂಡು ಹೋದೆವು. ಇವೆರಡನ್ನೂ ಹೇಳದೆ ಐದಕ್ಕೆ ಇಷ್ಟು ನಕ್ಷತ್ರ ಎಂದು ಕೊಟ್ಟು ಮುಗಿಸಿದರೆ ಕೊಳ್ಳುವವರಿಗೆ ಉಪಯೋಗವಾಗುವುದಿಲ್ಲ.

ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಮಾದರಿಗಳು ಬೇಗಬೇಗ ಬದಲಾಗುತ್ತವೆ, ಒಂದೇ ಕಂಪನಿಯ ಒಂದು ಮಾದರಿ ಪರೀಕ್ಷೆಗೆ ಒಳಪಟ್ಟಿದ್ದರೆ ಪಕ್ಕದ ಮಾದರಿ ಒಳಪಟ್ಟಿರುವುದಿಲ್ಲ. ಕೊಳ್ಳುವಾಗ ನೋಡಬೇಕಾದದ್ದು ಬ್ರ್ಯಾಂಡಿಗಿಂತ ಮುಖ್ಯವಾಗಿ ಆ ಮಾದರಿಯ ಸಂಖ್ಯೆಯನ್ನು. ಐಎಸ್ಓ 81060-2 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಯಂತ್ರವನ್ನು ಕನಿಷ್ಠ 85 ಜನರ ಮೇಲೆ, ತರಬೇತಾದವರು ಸ್ಟೆತಸ್ಕೋಪ್ ಹಿಡಿದು ಅಳೆದ ಅಂಕಿಯೊಡನೆ ಹೋಲಿಸಿ ನೋಡಬೇಕು; ಸರಾಸರಿ ವ್ಯತ್ಯಾಸ 5 ಮಿ.ಮೀ. ಪಾದರಸ (ರಕ್ತದೊತ್ತಡದ ಅಂಕಿಗಳ ಅಳತೆಮಾನ ಇದೇ) ದಾಟಬಾರದು. ಹೀಗೆ ತೇರ್ಗಡೆಯಾದ ಮಾದರಿಗಳ ಪಟ್ಟಿಯನ್ನು ಸ್ಟ್ರೈಡ್ ಬಿ.ಪಿ. ಎಂಬ ಸಂಸ್ಥೆ ಯಾರು ಬೇಕಾದರೂ ನೋಡುವಂತೆ ಇಟ್ಟಿದೆ. ನಾನು ಅಂಗಡಿಯಲ್ಲಿ ನಿಂತೇ ಮೊಬೈಲಿನಲ್ಲಿ ಹುಡುಕಿ, ಪಟ್ಟಿಯಲ್ಲಿದ್ದ ಮಾದರಿಯನ್ನೇ ಕೊಂಡೆ. ಮಣಿಕಟ್ಟಿಗೆ ಕಟ್ಟುವ ಯಂತ್ರ 600 ರೂಪಾಯಿ ಕಡಿಮೆಗೆ ಇತ್ತು. ಕೈಯನ್ನು ಎದೆಯ ಮಟ್ಟದಲ್ಲಿ ಹಿಡಿಯುವುದರಲ್ಲಿ ಸ್ವಲ್ಪ ತಪ್ಪಿದರೂ ಅಂಕಿ ಏರುಪೇರಾಗುವುದರಿಂದ ಅದನ್ನು ಬಿಟ್ಟೆ.

ಮೊದಲು ಮೆಚ್ಚಿಕೆಯ ಮಾತು. ಅಂಕಿಗಳು ಹೆಬ್ಬೆರಳಿನಷ್ಟು ದೊಡ್ಡದಾಗಿ ಮೂಡುತ್ತವೆ, ಕನ್ನಡಕವಿಲ್ಲದೆ ಅಮ್ಮ ತಾವೇ ಓದಿಕೊಳ್ಳುತ್ತಾರೆ. ಗುಂಡಿ ಒಂದೇ. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಮೂರು ತಿಂಗಳು ಚಿಂತೆಯಿಲ್ಲ. ಇಬ್ಬರ ಲೆಕ್ಕವನ್ನು ಬೇರೆಬೇರೆಯಾಗಿ ನೆನಪಿಟ್ಟುಕೊಳ್ಳುತ್ತದೆ. ಮೊಬೈಲಿಗೆ ಜೋಡಿಸುವ ಆ್ಯಪ್ ಮಾತ್ರ ನಮಗೆ ನಿರುಪಯೋಗಿ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದದ್ದನ್ನೇ ವೈದ್ಯರು ಒಂದು ನೋಟದಲ್ಲಿ ಓದಿದರು.

ಯಂತ್ರ ಅಳೆಯುವ ಬಗೆಯನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಮಾತು ಅರ್ಥವಾಗುತ್ತದೆ. ಇಟಲಿಯ ರಿವಾ-ರೊಚಿ 1896ರಲ್ಲಿ ತೋಳಿಗೆ ಗಾಳಿಪಟ್ಟಿ ಸುತ್ತಿ ಪಾದರಸದ ಕೊಳವೆಯಲ್ಲಿ ಒತ್ತಡ ನೋಡುವುದನ್ನು ತೋರಿಸಿದರು. ರಷ್ಯಾದ ಕೊರೊಟ್ಕೊವ್ 1905ರಲ್ಲಿ, ಪಟ್ಟಿಯನ್ನು ಸಡಿಲಿಸುವಾಗ ಕೆಳಗಿನ ರಕ್ತನಾಳದಲ್ಲಿ ಕೇಳಿಬರುವ ಟಕ್ ಟಕ್ ಸದ್ದು ಆರಂಭವಾಗುವ ಮಟ್ಟವೇ ಮೇಲಿನ ಅಂಕಿ, ನಿಲ್ಲುವ ಮಟ್ಟವೇ ಕೆಳಗಿನ ಅಂಕಿ ಎಂದು ಗುರುತಿಸಿದರು. ಡಿಜಿಟಲ್ ಯಂತ್ರಕ್ಕೆ ಕಿವಿಯಿಲ್ಲ. ರಕ್ತನಾಳದ ಮಿಡಿತದಿಂದ ಪಟ್ಟಿಯೊಳಗಿನ ಗಾಳಿಯಲ್ಲಿ ಏಳುವ ಸಣ್ಣ ಕಂಪನಗಳನ್ನು ಅದು ಹಿಡಿಯುತ್ತದೆ. ಕಂಪನ ಅತಿ ಹೆಚ್ಚಾಗಿರುವ ಮಟ್ಟವನ್ನು ಸರಾಸರಿ ಒತ್ತಡವೆಂದು ತಿಳಿದು, ಮೇಲಿನ ಮತ್ತು ಕೆಳಗಿನ ಅಂಕಿಗಳನ್ನು ತಯಾರಕರು ಬರೆದಿಟ್ಟ ಸೂತ್ರದಿಂದ ಲೆಕ್ಕ ಹಾಕುತ್ತದೆ. ಎಂದರೆ, ಪರದೆಯ ಮೇಲೆ ಕಾಣುವುದು ಒಂದು ಲೆಕ್ಕಾಚಾರದ ಫಲ. ಪಟ್ಟಿ ಸರಿಯಾಗಿ ಕೂರದಿದ್ದರೆ, ಮಿಡಿತ ಲಯ ತಪ್ಪಿದ್ದರೆ, ಅಥವಾ ಮಿಡಿತವೇ ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ. ನಮ್ಮಲ್ಲಿ ಈ ಪೈಕಿ ಎರಡು ನಡೆದವು.

ಮೊದಲನೆಯದು ಪಟ್ಟಿಯದು. ಪೆಟ್ಟಿಗೆಯಲ್ಲಿ ಬರುವ ಪಟ್ಟಿಯ ಮೇಲೆ 22–32 ಸೆಂ.ಮೀ. ಎಂದು ಸಣ್ಣ ಅಕ್ಷರದಲ್ಲಿ ಮುದ್ರಿಸಿದ್ದಾರೆ. ಅದು ತೋಳಿನ ಸುತ್ತಳತೆ. ನಾನು ಅದನ್ನು ಗಮನಿಸಲಿಲ್ಲ. ಅಂಗಡಿಯವರೂ 'ಎಲ್ಲರಿಗೂ ಇದೇ ಸಾರ್' ಎಂದು ಕೊಟ್ಟರು. ಮೊದಲ ಎರಡು ವಾರ ಅಮ್ಮನ ಮೇಲಿನ ಅಂಕಿ 146, 150, 148 ಎಂದೇ ಬರುತ್ತಿತ್ತು. ನಾನು ಗಾಬರಿಯಾಗಿ ಪುಸ್ತಕ ಹಿಡಿದು ವೈದ್ಯರ ಬಳಿ ಹೋದೆ. ಎರಡನೆಯ ಮಾತ್ರೆ ಬರೆಯುವುದಕ್ಕೆ ಮೊದಲು ಅವರು ಕೇಳಿದ ಪ್ರಶ್ನೆ ಒಂದೇ: 'ಅಮ್ಮನ ತೋಳು ಎಷ್ಟು ದಪ್ಪ ಇದೆ, ಅಳೆದಿದ್ದೀರಾ?' ದರ್ಜಿಯ ಟೇಪಿನಲ್ಲಿ ಅಳೆದರೆ, ಭುಜಕ್ಕೂ ಮೊಣಕೈಗೂ ನಡುಮಧ್ಯದಲ್ಲಿ 35 ಸೆಂ.ಮೀ. ಇತ್ತು.

ಪಟ್ಟಿಯೊಳಗಿನ ಗಾಳಿಚೀಲದ ಉದ್ದ ತೋಳಿನ ಸುತ್ತಳತೆಯ ಶೇಕಡ 80ರಷ್ಟನ್ನಾದರೂ ಸುತ್ತುವರಿಯಬೇಕು, ಅಗಲ ಶೇಕಡ 40ರಷ್ಟಿರಬೇಕು ಎಂಬುದು ನಿಯಮ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ರಕ್ತನಾಳವನ್ನು ಒತ್ತಿ ಮುಚ್ಚಲು ಹೆಚ್ಚು ಗಾಳಿ ತುಂಬಬೇಕಾಗುತ್ತದೆ, ಆ ಹೆಚ್ಚುವರಿ ಒತ್ತಡವನ್ನೇ ಯಂತ್ರ ನಮ್ಮ ರಕ್ತದೊತ್ತಡವೆಂದು ಓದುತ್ತದೆ. ಸಣಕಲು ತೋಳಿಗೆ ದೊಡ್ಡ ಪಟ್ಟಿ ಕಟ್ಟಿದರೆ ಇದರ ತಿರುವುಮುರುವು. ದೊಡ್ಡ ಪಟ್ಟಿ ಬೇಕಾದವರಿಗೆ ಸಾಮಾನ್ಯ ಪಟ್ಟಿ ಕಟ್ಟಿದಾಗ ಸರಾಸರಿ 5 ಮಿ.ಮೀ., ಅದಕ್ಕೂ ದೊಡ್ಡದು ಬೇಕಾದವರಿಗೆ ಸುಮಾರು 20 ಮಿ.ಮೀ. ಹೆಚ್ಚು ಬರುತ್ತದೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಒಬ್ಬರ ಜೀವಮಾನದ ಮಾತ್ರೆಯನ್ನು ನಿರ್ಧರಿಸಲು ಅಷ್ಟು ಸಾಕು. ದೊಡ್ಡ ಪಟ್ಟಿ ಬೇರೆಯಾಗಿ 850 ರೂಪಾಯಿ, ಅಂಗಡಿಯಲ್ಲಿ ಇರಲಿಲ್ಲ, ತರಿಸಿಕೊಡಲು ಒಂಬತ್ತು ದಿನ ಹಿಡಿಯಿತು. ಈ ಯಂತ್ರದ ಬಗ್ಗೆ ನನ್ನ ದೊಡ್ಡ ಆಕ್ಷೇಪ ಇದೇ. ಎರಡು ಅಳತೆಯ ಪೆಟ್ಟಿಗೆಗಳನ್ನು ಮಾರಲಿ, ಅಥವಾ ಪೆಟ್ಟಿಗೆಯ ಮೇಲೆ ಬೆಲೆಯಷ್ಟೇ ದೊಡ್ಡದಾಗಿ ತೋಳಿನ ಅಳತೆಯನ್ನು ಮುದ್ರಿಸಲಿ. ಚಪ್ಪಲಿ ಅಂಗಡಿಯವರೂ ಕಾಲಿನ ಅಳತೆ ಕೇಳದೆ ಪೆಟ್ಟಿಗೆ ಕೊಡುವುದಿಲ್ಲ.

ಹೊಸ ಪಟ್ಟಿ ಬಂದ ಮೇಲೆ ಅಂಕಿ 148ರಿಂದ 141ರ ಸುಮಾರಿಗೆ ಇಳಿಯಿತು. ಉಳಿದ ತಪ್ಪು ನಮ್ಮದೇ ಆಗಿತ್ತು. ಅಮ್ಮ ನೆಲದ ಮೇಲೆ ಚಾಪೆಯಲ್ಲಿ, ಗೋಡೆಗೆ ಒರಗದೆ, ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದ ಮನೆಯವರ ಕಥೆ ಹೇಳುತ್ತಾ ಅಳೆಸಿಕೊಳ್ಳುತ್ತಿದ್ದರು. ಕೈ ಎದೆಯ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಅಂಕಿ 7–8 ಹೆಚ್ಚು ಬರುತ್ತದೆ. ಇದು ಬರಿಯ ಭೌತಶಾಸ್ತ್ರ, ನೀರಿನ ಟ್ಯಾಂಕಿನ ಕೆಳಗಿನ ನಲ್ಲಿಯಲ್ಲಿ ಒತ್ತಡ ಹೆಚ್ಚಿರುವ ಹಾಗೆ. ಮಾತಾಡುತ್ತಿದ್ದರೆ, ಕಾಲಿನ ಮೇಲೆ ಕಾಲು ಹಾಕಿದ್ದರೆ, ಮೂತ್ರ ತಡೆದುಕೊಂಡಿದ್ದರೆ ಇನ್ನಷ್ಟು ಏರುತ್ತದೆ. ಅರ್ಧ ಗಂಟೆಯ ಒಳಗೆ ಕಾಫಿ ಕುಡಿದಿರಬಾರದು ಎಂಬ ನಿಯಮ ಮೈಸೂರಿನ ಮನೆಯಲ್ಲಿ ಪಾಲಿಸಲು ಎಷ್ಟು ಕಷ್ಟವೆಂದು ಹೇಳಬೇಕಾಗಿಲ್ಲ. ಕೊನೆಗೆ ಕಾಫಿಗೆ ಮೊದಲೇ, ಹಾಸಿಗೆಯಿಂದ ಎದ್ದು ಶೌಚ ಮುಗಿಸಿದ ಕೂಡಲೇ ಅಳೆಯುವುದೆಂದು ಗೊತ್ತುಮಾಡಿಕೊಂಡೆವು. ಬೆನ್ನಿಗೆ ಒರಗುಳ್ಳ ಕುರ್ಚಿ, ಪಾದಗಳು ನೆಲದ ಮೇಲೆ, ಊಟದ ಮೇಜಿನ ಮೇಲೆ ಎರಡು ದಿಂಬು ಪೇರಿಸಿ ಅದರ ಮೇಲೆ ತೋಳು, ಐದು ನಿಮಿಷ ಮೌನ. ಆಗ ಅಂಕಿ 132ರ ಆಸುಪಾಸಿಗೆ ಬಂದು ನಿಂತಿತು. ಯಂತ್ರದೊಂದಿಗೆ ಬಂದ ಕೈಪಿಡಿಯಲ್ಲಿ ಈ ಎಲ್ಲವೂ ಚಿತ್ರಸಹಿತ ಇದೆ, ಆದರೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ. ಮದ್ದೂರಿನ ಹಳ್ಳಿಯಲ್ಲಿ ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ನನ್ನ ತಾಯಿಗೆ ಮಾರುವ ವಸ್ತುವಿನಲ್ಲಿ ಒಂದು ಹಾಳೆ ಕನ್ನಡ ಇರಬಾರದೆ?

ವೈದ್ಯರು ಹೇಳಿಕೊಟ್ಟ ಕ್ರಮ ಹೀಗಿದೆ: ಭೇಟಿಗೆ ಮುಂಚಿನ ಏಳು ದಿನ, ಬೆಳಗ್ಗೆ ಮಾತ್ರೆಗೆ ಮೊದಲು ಎರಡು ಸಲ, ರಾತ್ರಿ ಊಟಕ್ಕೆ ಮೊದಲು ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು ಅಳೆದು ಬರೆಯಬೇಕು, ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದ ಆರು ದಿನದ ಸರಾಸರಿ ತೆಗೆಯಬೇಕು. ಆಸ್ಪತ್ರೆಯಲ್ಲಿ 140/90 ಗಡಿಯಾದರೆ ಮನೆಯ ಸರಾಸರಿಗೆ 135/85 ಗಡಿ, ಏಕೆಂದರೆ ಮನೆಯಲ್ಲಿ ಮನಸ್ಸು ಹಗುರವಾಗಿರುತ್ತದೆ. ಬಿಳಿ ಕೋಟು ಕಂಡೊಡನೆ ಮಾತ್ರ ಏರುವ ಒತ್ತಡಕ್ಕೆ ವೈದ್ಯಶಾಸ್ತ್ರದಲ್ಲಿ ಬಿಳಿ ಕೋಟಿನ ಹೆಸರೇ ಇದೆ. ಇದಕ್ಕೆ ವಿರುದ್ಧವಾದ, ಆಸ್ಪತ್ರೆಯಲ್ಲಿ ಸರಿಯಾಗಿದ್ದು ಮನೆಯಲ್ಲಿ, ಕೆಲಸದಲ್ಲಿ ಏರಿರುವ ಮರೆಯ ರಕ್ತದೊತ್ತಡ ಹೆಚ್ಚು ಅಪಾಯದ್ದು, ಏಕೆಂದರೆ ಅದನ್ನು ಯಾರೂ ಹುಡುಕುವುದಿಲ್ಲ. ಅಮ್ಮನ ಸರಾಸರಿ 132/78. ಎರಡನೆಯ ಮಾತ್ರೆ ತಪ್ಪಿತು. ಯಂತ್ರ ಮತ್ತು ಪಟ್ಟಿಗೆ ಕೊಟ್ಟ ಮೂರು ಸಾವಿರ ಅಲ್ಲಿಗೇ ಸಂದಿತೆಂದು ನಾನು ಲೆಕ್ಕ ಹಾಕಿದ್ದೇನೆ.

ಅಳೆಯುವುದು ಶುರುವಾದ ಮೇಲೆ ಅಡುಗೆಮನೆಯ ಮಾತೂ ಬಂತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನ ಪ್ರಕಾರ 15 ವರ್ಷ ದಾಟಿದ ಗಂಡಸರಲ್ಲಿ ಶೇಕಡ 24, ಹೆಂಗಸರಲ್ಲಿ ಶೇಕಡ 21 ಮಂದಿಗೆ ಒತ್ತಡ ಹೆಚ್ಚಿದೆ ಅಥವಾ ಅದಕ್ಕೆ ಮಾತ್ರೆ ನಡೆಯುತ್ತಿದೆ. ಮನೆಗೊಬ್ಬರು ಎಂದರೂ ಸರಿಯೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚದಷ್ಟು. ಅನ್ನ, ಸಾರು, ಪಲ್ಯ, ತಿಂಡಿ, ಮಜ್ಜಿಗೆ ಎಲ್ಲ ಸೇರಿ. ಮಂಡ್ಯದ ಕಡೆಯವರಿಗೆ ಮುದ್ದೆಯ ಜೊತೆ ಉಪ್ಸಾರು, ಖಾರ, ಮೇಲೆ ಉಪ್ಪಿನಕಾಯಿ, ಕರಿದ ಹಪ್ಪಳ ಇದ್ದರೇ ಊಟ. ಇದರಲ್ಲಿ ಎರಡರ ಹೆಸರಿನಲ್ಲೇ ಉಪ್ಪಿದೆ. ಉಪ್ಸಾರು ಬಿಡಿಸಲು ನಾನು ಹೋಗಲಿಲ್ಲ, ಹೋಗುವುದೂ ಇಲ್ಲ. ಉಪ್ಪಿನಕಾಯಿಯ ಜಾಡಿಯನ್ನು ಊಟದ ಮೇಜಿನಿಂದ ಅಟ್ಟದ ಮೇಲಿಟ್ಟೆವು, ಮಜ್ಜಿಗೆಗೆ ಉಪ್ಪು ನಿಂತಿತು. ಆರು ವಾರದಲ್ಲಿ ಸರಾಸರಿ ನಾಲ್ಕು ಅಂಕಿ ಇಳಿಯಿತು. ಅದು ಉಪ್ಪಿನಿಂದಲೇ ಎಂದು ಒಂದು ಮನೆಯ ಲೆಕ್ಕದಿಂದ ಹೇಳಲಾಗದಿದ್ದರೂ ಅಮ್ಮ ನಂಬಿದ್ದಾರೆ. ಅಂಗಡಿಯಲ್ಲಿ ಕಡಿಮೆ ಸೋಡಿಯಂ ಉಪ್ಪು ಎಂದು ಮಾರುವುದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು, ಎನಲಾಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರನೊಲ್ಯಾಕ್ಟೋನ್ ಜಾತಿಯ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಅದನ್ನು ತರಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಲಯವೇ ಕೆಡುತ್ತದೆ.

ಇನ್ನು ಎರಡನೆಯ ಸಂಗತಿ. ದಸರೆಗೆ ಮಂಡ್ಯದಿಂದ ತಂಗಿಯ ಸಂಸಾರ ಜಂಬೂ ಸವಾರಿ ನೋಡಲು ಬಂದಿತ್ತು. ಆಯುಧಪೂಜೆಯ ದಿನ ಸ್ಕೂಟರ್, ಈಳಿಗೆಮಣೆ, ಮಿಕ್ಸಿಯ ಸಾಲಿನಲ್ಲಿ ಅಮ್ಮ ಬಿ.ಪಿ. ಯಂತ್ರವನ್ನೂ ಇಟ್ಟು ಕುಂಕುಮ ಹಚ್ಚಿದರು. ಪೂಜೆ ಮುಗಿದ ಮೇಲೆ, ಇಂಥ ಮನೆಗಳಲ್ಲಿ ಆಗುವಂತೆ, ಎಲ್ಲರೂ ಸಾಲಾಗಿ ಕುಳಿತು ತೋಳು ಚಾಚಿದರು. ತಂಗಿಯ ಮಗಳಿಗೆ 22 ವರ್ಷ. ಅವಳ ಎಡತೋಳಿಗೆ ಸಾಮಾನ್ಯ ಪಟ್ಟಿಯನ್ನೇ ಕಟ್ಟಿದೆ. ಯಂತ್ರ ಗಾಳಿ ತುಂಬಿತು, ಇಳಿಸಿತು, ಮತ್ತೆ ತುಂಬಿತು, ಕೊನೆಗೆ 'ಎರರ್' ಎಂದು ತೋರಿಸಿತು. ಮೂರು ಸಲವೂ ಅದೇ. 'ಮಾವ, ಕುಂಕುಮ ಒಳಗೆ ಹೋಗಿರಬೇಕು' ಎಂದು ಅವಳೇ ನಕ್ಕಳು. ನಾನೂ ನಕ್ಕೆ. ಹಬ್ಬ ಮುಗಿದು ಅಂಗಡಿ ತೆರೆದ ದಿನ, ಖಾತರಿಯ ಅವಧಿ ಇನ್ನೂ ಇದ್ದುದರಿಂದ, ಯಂತ್ರವನ್ನು ಕೊಂಡೊಯ್ದೆ. ಅಂಗಡಿಯವರು ತಮ್ಮ ತೋಳಿಗೆ ಕಟ್ಟಿ ನೋಡಿ ಸರಿಯಿದೆಯೆಂದರೂ, ನನ್ನ ಒತ್ತಾಯಕ್ಕೆ ಮಾತು ಬೆಳೆಸದೆ ಹೊಸದನ್ನೇ ಕೊಟ್ಟರು. ಸೇವೆಗೆ ಪೂರ್ಣ ಅಂಕ ಕೊಡಬೇಕಾದ ಜಾಗ ಇದು. ಮನೆಗೆ ಬಂದು ಹೊಸ ಯಂತ್ರವನ್ನು ಅವಳ ಅದೇ ತೋಳಿಗೆ ಕಟ್ಟಿದೆ. 'ಎರರ್'. ಬಲತೋಳಿಗೆ ಕಟ್ಟಿದೆ: 124/76. ಮತ್ತೆ ಎಡಕ್ಕೆ: ಈ ಸಲ ಅಂಕಿ ಬಂತು, 82/60.

ಎರಡು ತೋಳುಗಳ ನಡುವೆ ನಾಲ್ಕೈದು ಅಂಕಿ ವ್ಯತ್ಯಾಸ ಎಲ್ಲರಲ್ಲೂ ಇರುತ್ತದೆ. ಮೊದಲ ಸಲ ಎರಡೂ ಕಡೆ ನೋಡಿ, ಹೆಚ್ಚು ಬಂದ ತೋಳನ್ನೇ ಮುಂದೆಯೂ ಬಳಸಬೇಕೆಂದು ಕೈಪಿಡಿ ಹೇಳುತ್ತದೆ. 10 ದಾಟಿ ಸತತವಾಗಿದ್ದರೆ ವೈದ್ಯರಿಗೆ ಹೇಳಬೇಕು. ಇಲ್ಲಿ 42 ಇತ್ತು. ನಾನು ಅವಳ ಎಡ ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಬಳಿ ನಾಡಿ ಹುಡುಕಿದೆ. ಬಲಗೈಯಲ್ಲಿ ಥಟ್ಟನೆ ಸಿಕ್ಕಿದ್ದು ಎಡಗೈಯಲ್ಲಿ ಸಿಗಲಿಲ್ಲ. ಆಗ ಒಂದೊಂದೇ ಮಾತು ಹೊರಬಂತು. ಆರು ತಿಂಗಳಿಂದ ಸುಸ್ತು, ಸಂಜೆ ಮೈ ಬೆಚ್ಚಗಾಗುವುದು, ಐದು ಕಿಲೋ ತೂಕ ಇಳಿದದ್ದು. ತಲೆ ಬಾಚುವಾಗ, ಬಟ್ಟೆ ಒಣಗಿಸಲು ಕೈ ಎತ್ತಿದಾಗ ಎಡಗೈ ಸೋತು ಇಳಿದುಬಿಡುವುದು. ಊರಿನಲ್ಲಿ ತೋರಿಸಿ, ಹಿಮೋಗ್ಲೋಬಿನ್ 9.8 ಬಂದದ್ದರಿಂದ ರಕ್ತಹೀನತೆಯೆಂದು ನಾಲ್ಕು ತಿಂಗಳು ಕಬ್ಬಿಣದ ಮಾತ್ರೆ ತೆಗೆದುಕೊಂಡಿದ್ದಳು. ಹಿಮೋಗ್ಲೋಬಿನ್ ಏರಿರಲಿಲ್ಲ. ಆ ವೈದ್ಯರನ್ನು ದೂರಲಾರೆ. ಆ ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಸಲ ಅದೇ ಸರಿಯಾದ ಉತ್ತರವಾಗಿರುತ್ತದೆ. ಮಾತ್ರೆ ನುಂಗಿಯೂ ಏಕೆ ಏರಲಿಲ್ಲ ಎಂಬ ಪ್ರಶ್ನೆಯನ್ನು ನಾವಾದರೂ ತಿರುಗಿ ಹೋಗಿ ಕೇಳಬೇಕಾಗಿತ್ತು.

ನಮ್ಮ ವೈದ್ಯರು ಕಾಲರ್ ಮೂಳೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಆಲಿಸಿ, ಇಕ್ಕಟ್ಟಿನಲ್ಲಿ ನೀರು ನುಗ್ಗುವಂಥ ಸದ್ದು ಕೇಳುತ್ತಿದೆಯೆಂದರು. ಮೈಯೊಳಗಿನ ಉರಿಯೂತವನ್ನು ತೋರಿಸುವ ಎರಡು ರಕ್ತಪರೀಕ್ಷೆಗಳಲ್ಲಿ ಇಎಸ್ಆರ್ 78 ಇತ್ತು, ಸಿಆರ್‌ಪಿಯೂ ಏರಿತ್ತು. ರಕ್ತನಾಳಗಳ ಚಿತ್ರ ತೆಗೆಯುವ ಸಿ.ಟಿ. ಆಂಜಿಯೋಗ್ರಾಮಿನಲ್ಲಿ ಎಡತೋಳಿಗೆ ಹೋಗುವ ಮುಖ್ಯ ರಕ್ತನಾಳದ ಗೋಡೆ ಊದಿ, ಒಳದಾರಿ ದಾರದಷ್ಟು ಕಿರಿದಾಗಿರುವುದು ಕಂಡಿತು. ಕಾಯಿಲೆಯ ಹೆಸರು ತಕಾಯಾಸು ಆರ್ಟರೈಟಿಸ್. ಜಪಾನಿನ ಕಣ್ಣಿನ ವೈದ್ಯ ಮಿಕಿಟೊ ತಕಾಯಾಸು 1908ರಲ್ಲಿ ಯುವತಿಯೊಬ್ಬಳ ಕಣ್ಣಿನ ಹಿಂಪರದೆಯಲ್ಲಿ ರಕ್ತನಾಳಗಳು ವಿಚಿತ್ರವಾಗಿ ಸುತ್ತಿಕೊಂಡಿರುವುದನ್ನು ವರದಿ ಮಾಡಿದ್ದರಿಂದ ಈ ಹೆಸರು. ನಾಡಿ ಸಿಗದ ಕಾಯಿಲೆ ಎಂಬ ಅಡ್ಡಹೆಸರೂ ಇದೆ. ದೇಹದ ರಕ್ಷಣಾ ವ್ಯವಸ್ಥೆ ಹೃದಯದಿಂದ ಹೊರಡುವ ತನ್ನದೇ ಮಹಾಪಧಮನಿ ಮತ್ತು ಅದರ ಕೊಂಬೆಗಳ ಗೋಡೆಯ ಮೇಲೆ ತಿರುಗಿ ಬೀಳುವುದರಿಂದ ಇದು ಬರುತ್ತದೆ. ಹೆಚ್ಚಾಗಿ 40 ವರ್ಷದೊಳಗಿನ ಹೆಂಗಸರಲ್ಲಿ ಕಾಣಿಸಿಕೊಳ್ಳುವ ಅಪರೂಪದ ಕಾಯಿಲೆಯಾದರೂ ಏಷ್ಯಾದಲ್ಲಿ, ನಮ್ಮ ದೇಶವೂ ಸೇರಿ, ಪಶ್ಚಿಮಕ್ಕಿಂತ ಹೆಚ್ಚು. ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ 1990ರಲ್ಲಿ ಕೊಟ್ಟ ಆರು ಗುರುತುಗಳಲ್ಲಿ ಮೂರು ಇದ್ದರೆ ಸಾಕು ಎನ್ನುತ್ತಿದ್ದರು: 40ರೊಳಗೆ ಆರಂಭ, ಕೆಲಸ ಮಾಡುವಾಗ ಕೈಕಾಲು ಸೋಲುವುದು, ತೋಳಿನ ನಾಡಿ ಕುಗ್ಗುವುದು, ಎರಡು ತೋಳುಗಳ ನಡುವೆ 10ಕ್ಕಿಂತ ಹೆಚ್ಚು ವ್ಯತ್ಯಾಸ, ರಕ್ತನಾಳದ ಮೇಲೆ ಸದ್ದು, ಆಂಜಿಯೋಗ್ರಾಮಿನಲ್ಲಿ ಇಕ್ಕಟ್ಟು. ಅವಳಲ್ಲಿ ಆರೂ ಇದ್ದವು. ಅದರಲ್ಲಿ ಒಂದನ್ನು ನಮ್ಮ ಊಟದ ಮೇಜಿನ ಯಂತ್ರ ಹೇಳಿತ್ತು, ನಾವು ಖಾತರಿ ಕಾರ್ಡ್ ಹುಡುಕಿದ್ದೆವು.

ಚಿಕಿತ್ಸೆ ಸಂಧಿವಾತ ಮತ್ತು ರಕ್ಷಣಾ ವ್ಯವಸ್ಥೆಯ ಕಾಯಿಲೆಗಳ ತಜ್ಞರದು, ಅಂದರೆ ರುಮಟಾಲಜಿಸ್ಟರದು. ರಕ್ಷಣಾ ಶಕ್ತಿಯನ್ನು ಕುಗ್ಗಿಸುವ ಔಷಧಿ ಕೊಡುವ ಮೊದಲು ಕ್ಷಯ ಅಡಗಿದೆಯೇ ಎಂದು ಪರೀಕ್ಷಿಸಿದರು. ಆಮೇಲೆ ದಿನಕ್ಕೆ 40 ಮಿ.ಗ್ರಾಂ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಆರಂಭಿಸಿ, ತಿಂಗಳುಗಳ ಕಾಲ ಹಂತಹಂತವಾಗಿ ಇಳಿಸುತ್ತಾ, ಜೊತೆಗೆ ಮೆಥೊಟ್ರೆಕ್ಸೇಟ್ ಮಾತ್ರೆ ಕೊಟ್ಟಿದ್ದಾರೆ. ಇದು ವಾರಕ್ಕೆ ಒಂದೇ ದಿನ ನುಂಗುವ ಮಾತ್ರೆ. ಮರೆತು ದಿನವೂ ನುಂಗಿದರೆ ಪ್ರಾಣಕ್ಕೇ ಕುತ್ತು, ಆದ್ದರಿಂದ ತಂಗಿ ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆ ಸುತ್ತು ಹಾಕಿದ್ದಾಳೆ. ಇದನ್ನು ತೆಗೆದುಕೊಳ್ಳುವಾಗ ಗರ್ಭ ಧರಿಸಬಾರದೆಂದು ವೈದ್ಯರು ಹುಡುಗಿಗೂ ತಾಯಿಗೂ ಬಿಡಿಸಿ ಹೇಳಿದರು. ಸ್ಟೀರಾಯ್ಡ್ ಎಂಬ ಹೆಸರಿಗೇ ಬೆದರಿ, ಮುಖ ಊದಿಕೊಂಡಿತೆಂದು ಯಾರೋ ಹೇಳಿದ್ದಕ್ಕೆ ಅವಳು ಒಂದು ವಾರ ತಾನೇ ನಿಲ್ಲಿಸಲು ಹೊರಟಿದ್ದಳು. ಥಟ್ಟನೆ ನಿಲ್ಲಿಸಿದರೆ ದೇಹಕ್ಕೆ ತನ್ನದೇ ಸ್ಟೀರಾಯ್ಡ್ ತಯಾರಿಸಲು ಪುರುಸೊತ್ತಾಗದೆ ಕುಸಿದು ಬೀಳಬಹುದೆಂದು ತಿಳಿಸಿ ತಡೆಯಬೇಕಾಯಿತು. ಈಗ ಇಎಸ್ಆರ್ 20ಕ್ಕೆ ಇಳಿದಿದೆ, ತೂಕ ಮರಳಿದೆ, ಹಿಮೋಗ್ಲೋಬಿನ್ ಹೊಸ ಕಬ್ಬಿಣದ ಮಾತ್ರೆಯಿಲ್ಲದೆಯೇ ಏರಿದೆ. ಮೊದಲ ರಕ್ತಹೀನತೆ ಉರಿಯೂತದ್ದೇ ಆಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಎಡಗೈಯ ನಾಡಿ ಇನ್ನೂ ಕ್ಷೀಣ. ಉರಿಯೂತ ಪೂರ್ತಿ ತಣ್ಣಗಾದ ಮೇಲೆ, ಅಗತ್ಯವೆನಿಸಿದರೆ, ನಾಳವನ್ನು ಅಗಲಿಸುವ ಯೋಚನೆ ಮಾಡೋಣವೆಂದಿದ್ದಾರೆ.

ಇದನ್ನು ಓದಿ 'ಎರರ್' ಬಂದವರೆಲ್ಲ ಆಂಜಿಯೋಗ್ರಾಮಿಗೆ ಓಡಬೇಕಾಗಿಲ್ಲ. ಪಟ್ಟಿ ಸಡಿಲವಾಗಿದ್ದರೆ, ತೋಳು ಅಲುಗಿದರೆ, ಸೆಲ್ ಇಳಿದಿದ್ದರೆ, ದಪ್ಪ ಸ್ವೆಟರಿನ ಮೇಲೆ ಕಟ್ಟಿದ್ದರೆ ಕೂಡ ಅದೇ ಬರುತ್ತದೆ. ಅವೆಲ್ಲ ಸರಿಯಿದ್ದು ಒಂದೇ ತೋಳಿನಲ್ಲಿ ಮತ್ತೆ ಮತ್ತೆ ಬಂದರೆ ಇನ್ನೊಂದು ತೋಳನ್ನು ನೋಡಿ, ನಾಡಿ ಮುಟ್ಟಿ ನೋಡಿ. ನಡುವಯಸ್ಸು ದಾಟಿದ, ಬೀಡಿ ಸಿಗರೇಟು ಸೇದುವವರಲ್ಲಿ ಇಂಥ ವ್ಯತ್ಯಾಸಕ್ಕೆ ರಕ್ತನಾಳದಲ್ಲಿ ಕೊಬ್ಬು ಕಟ್ಟಿರುವುದೇ ಸಾಮಾನ್ಯ ಕಾರಣ. ಹಾಗೆಯೇ 30 ವರ್ಷದೊಳಗೆ ಒತ್ತಡ ಏರಿದ್ದರೆ, ಮೂರು ಬಗೆಯ ಮಾತ್ರೆಗೂ ಬಗ್ಗದಿದ್ದರೆ, ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಿದ್ದರೆ, ಅಥವಾ ತಲೆನೋವು, ಬೆವರು, ಎದೆಬಡಿತ ಮೂರೂ ಒಟ್ಟಿಗೆ ಬಂದು ಹೋಗುತ್ತಿದ್ದರೆ, ಮೂತ್ರಪಿಂಡದಲ್ಲೋ ಅದರ ಮೇಲಿನ ಅಡ್ರಿನಲ್ ಗ್ರಂಥಿಯಲ್ಲೋ ಕಾರಣ ಅಡಗಿರಬಹುದು. ಅದನ್ನು ಹುಡುಕುವುದು ವೈದ್ಯರ ಕೆಲಸ. ಯಂತ್ರ ಮಾಡಬಹುದಾದದ್ದು ತಾರೀಖು ಸಮೇತ ಅಂಕಿ ಒದಗಿಸುವುದಷ್ಟೇ.

ಪರದೆಯ ಮೂಲೆಯಲ್ಲಿ ಹೃದಯದ ಚಿಹ್ನೆ ಮಿನುಗಿದರೆ ಮಿಡಿತ ಲಯ ತಪ್ಪಿದೆಯೆಂದು ಅರ್ಥ. ಅಮ್ಮನಿಗೆ ನಾಲ್ಕೈದು ಸಲ ಮಿನುಗಿತು. ಇಸಿಜಿಯಲ್ಲಿ ಅಲ್ಲೊಂದು ಇಲ್ಲೊಂದು ಹೆಚ್ಚುವರಿ ಮಿಡಿತ ಬಿಟ್ಟು ಬೇರೇನೂ ಇರಲಿಲ್ಲ. ಆದರೂ ಈ ಚಿಹ್ನೆಯನ್ನು ಕಡೆಗಣಿಸಬಾರದು, ಏಕೆಂದರೆ ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ನಡುಗುವ ಏಟ್ರಿಯಲ್ ಫಿಬ್ರಿಲೇಷನ್ ಇದ್ದರೆ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು, ಮತ್ತು ಅದನ್ನು ತಡೆಯುವ ಔಷಧಿ ಇದೆ.

ಯಂತ್ರ ಮನೆಗೆ ಬಂದ ಮೇಲೆ ಹುಟ್ಟುವ ಕಾಯಿಲೆಯೂ ಒಂದಿದೆ. ನಮ್ಮ ಭಾವನವರು ದಿನಕ್ಕೆ ಹದಿನಾಲ್ಕು ಸಲ ಅಳೆದುಕೊಂಡು, ಏರಿತೆಂದು ಹೆದರಿ, ಹೆದರಿಕೆಯಿಂದಲೇ ಇನ್ನಷ್ಟು ಏರಿಸಿಕೊಳ್ಳುತ್ತಿದ್ದರು. ಅಂಕಿ 180/120 ದಾಟಿದರೆ ಐದು ನಿಮಿಷ ಸುಮ್ಮನೆ ಕುಳಿತು ಮತ್ತೆ ನೋಡಬೇಕು. ಹಾಗೆಯೇ ಇದ್ದು, ಬೇರೆ ಲಕ್ಷಣವಿಲ್ಲದಿದ್ದರೆ ಅಂದೇ ವೈದ್ಯರನ್ನು ಸಂಪರ್ಕಿಸಬೇಕು. ಎದೆನೋವು, ಉಸಿರುಕಟ್ಟು, ಮುಖ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು ಜೊತೆಗಿದ್ದರೆ ಎರಡನೆಯ ಸಲ ಅಳೆಯುತ್ತಾ ಕೂರದೆ 108ಕ್ಕೆ ಕರೆ ಮಾಡಬೇಕು. ಹಿಂದೆ ರೂಢಿಯಲ್ಲಿದ್ದಂತೆ ನಾಲಿಗೆಯಡಿ ಮಾತ್ರೆ ಇಟ್ಟು ದಿಢೀರನೆ ಇಳಿಸುವುದು ಮೆದುಳಿಗೆ ರಕ್ತ ಸಾಲದಂತೆ ಮಾಡಬಹುದು. ಮನೆಯಲ್ಲಿ ಯಾರೂ ಅದನ್ನು ಮಾಡಬಾರದು.

ಬಾಳಿಕೆಯ ವಿಷಯ: ಎಂಟನೆಯ ತಿಂಗಳಲ್ಲಿ ಪಟ್ಟಿಯ ಅಂಟುಪಟ್ಟಿ ಸವೆದು ಪಟಪಟನೆ ಬಿಚ್ಚಿಕೊಳ್ಳತೊಡಗಿತು. ಪಟ್ಟಿಗೆ ಖಾತರಿಯಿಲ್ಲ, ಯಂತ್ರಕ್ಕೆ ಮಾತ್ರ. ಮೂಲೆಯಂಗಡಿಯ ದರ್ಜಿ ಇಪ್ಪತ್ತು ರೂಪಾಯಿಗೆ ಹೊಸ ಅಂಟುಪಟ್ಟಿ ಹೊಲಿದುಕೊಟ್ಟರು, ಗಾಳಿಚೀಲಕ್ಕೆ ಸೂಜಿ ತಾಗದಂತೆ. ವರ್ಷಕ್ಕೊಮ್ಮೆಯಾದರೂ ಯಂತ್ರವನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಅಳತೆಯೊಡನೆ ಹೋಲಿಸಬೇಕು. ನಮ್ಮದು ಮಾರ್ಚ್‌ನಲ್ಲಿ ಮೂರು ಅಂಕಿ ಹೆಚ್ಚು ತೋರಿಸಿತು, ಅಷ್ಟು ಸಹಜ.

ಐದಕ್ಕೆ ಯಂತ್ರಕ್ಕೆ ನಾಲ್ಕು, ಪಟ್ಟಿಗೆ ಎರಡು, ಕೈಪಿಡಿಗೆ ಒಂದು ಕೊಡುತ್ತೇನೆ. ತಂಗಿ ಮಂಡ್ಯದಲ್ಲಿ ಇದೇ ಮಾದರಿಯನ್ನು ಕೊಂಡಿದ್ದಾಳೆ, ಟೇಪು ಹಿಡಿದು ಮಗಳ ತೋಳು ಅಳೆದ ಮೇಲೆಯೇ. ಯಂತ್ರದ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಹುಡುಗಿಯ ಕೈಬರಹದಲ್ಲಿ 'ಬಲಗೈ ಮಾತ್ರ' ಎಂದಿದೆ.